ಇಪ್ಪತ್ತೆಂಟು ಸುತ್ತಿಗೆಗಳ ಬೇಸಿಗೆ

ಮೊನ್ನೆ ವಿಜಯಪುರದಿಂದ ತಿಕೋಟಾಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಗಕ್ಕನೆ ನಿಂತಿತು. ಮುಂದೆ ರಸ್ತೆ ಅಗಲ ಮಾಡುತ್ತಿದ್ದರು. ಬಂಡೆ ಒಡೆಯಲು ಮದ್ದು ಹಾರಿಸಿದ್ದರಂತೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ಸುಟ್ಟ ಮದ್ದು, ಕಾದ ಕರಿಕಲ್ಲು, ಹಿಟ್ಟಿನಂಥ ಧೂಳು. ಬಸ್ಸಿನವರೆಲ್ಲ ದಬದಬ ಕಿಟಕಿ ಮುಚ್ಚಿದರು. ನಾನು ತೆರೆದೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಮೂಗಿಗೆ ಸೆರಗು ಒತ್ತಿಕೊಂಡು, "ಅಕ್ಕಾರ, ಖಿಡಕಿ ಮುಚ್ರಿ. ಧೂಳ ಹೆಂಗ ಬರಾಕತ್ತೈತಿ ನೋಡ್ರಿ," ಎಂದಳು.

"ಬರ್ಲಿ ಬಿಡವ್ವಾ. ಈ ಧೂಳಿಗೂ ನನಗೂ ಭಾಳ ದಿನದ ಗುರ್ತ ಐತಿ," ಎಂದೆ.

ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಐದು ವರ್ಷ ಆ ಧೂಳನ್ನು ರೊಟ್ಟಿಯ ಜೊತೆ ತಿಂದವಳು ನಾನು. ನಾಲ್ಕು ವರ್ಷ ಮರೆತರೂ ನಡೆದೀತು. ಒಂದು ಬೇಸಿಗೆಯನ್ನು ಮಾತ್ರ ಮರೆಯಲಾರೆ, ಮರೆಯಲೂಬಾರದು.

ಆಗ ನನಗೆ ಇಪ್ಪತ್ತಾರು. ಮಮದಾಪುರದ ಹುಡುಗಿ. ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು, ಮದುವೆಯಾಗಿ ತಿಕೋಟಾಕ್ಕೆ ಬಂದವಳು. ಗಂಡ ಪರಸಪ್ಪ ಊರಾಚೆಯ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ. ಬಂದ ವರ್ಷವೇ ನಾನೂ ಅಲ್ಲಿಗೆ ಇಳಿದೆ. ತಿಕೋಟಾ ಎಂದರೆ ಎಲ್ಲರಿಗೂ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು ನೆನಪಾಗುತ್ತವೆ. ಆ ತೋಟದ ದಾರಿಗೆ ಹಾಸಿದ ಖಡಿ, ಆ ಶೆಡ್ಡಿನ ಬುನಾದಿಗೆ ಹಾಕಿದ ಕಲ್ಲು ಎಲ್ಲಿಯವು ಎಂದು ಒಬ್ಬರಾದರೂ ಕೇಳುತ್ತಾರೆಯೇ? ಬಬಲೇಶ್ವರದ ಕಡೆಯ ದಾರಿಯಲ್ಲಿ, ಹುಲ್ಲೂ ಸರಿಯಾಗಿ ಬೆಳೆಯದ ಮಡ್ಡಿಯಲ್ಲಿ ನಾವು ತೋಡಿದ ಗುಂಡಿಯವು ಅವು.

ಆ ಗುಂಡಿಯಲ್ಲಿ ಮನುಷ್ಯರನ್ನು ಎಣಿಸುತ್ತಿರಲಿಲ್ಲ, ಸುತ್ತಿಗೆ ಎಣಿಸುತ್ತಿದ್ದರು. ಗಂಡ ಹೆಂಡತಿ ಸೇರಿ ಒಂದು ಸುತ್ತಿಗೆ. ಮದ್ದು ಹಾರಿಸಿದ ಮೇಲೆ ಬಿದ್ದ ಬಂಡೆಯನ್ನು ಗಂಡ ದೊಡ್ಡ ಸುತ್ತಿಗೆಯಿಂದ ಸೀಳಬೇಕು. ಹೆಂಡತಿ ಸಣ್ಣ ಸುತ್ತಿಗೆಯಿಂದ ಅದನ್ನು ಮುಷ್ಟಿ ಗಾತ್ರಕ್ಕೆ ಒಡೆದು, ಬುಟ್ಟಿಯಲ್ಲಿ ಹೊತ್ತು ಟ್ರ್ಯಾಕ್ಟರಿಗೆ ತುಂಬಬೇಕು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು, ಗಂಡನದು. ಮಾಲೀಕನ ಪರವಾಗಿ ನಮ್ಮನ್ನು ದುಡಿಸುತ್ತಿದ್ದ ಮುಕಾದಮ ಬೆಳಿಗ್ಗೆ ಗುಂಡಿಯ ದಂಡೆಗೆ ನಿಂತು, "ಇವತ್ತ ಎಷ್ಟ ಸುತ್ತಿಗಿ ಬಂದಾವಲೇ?" ಎಂದು ಕೂಗುತ್ತಿದ್ದ. ಹೆಂಡತಿಗೆ ಜ್ವರ ಬಂದರೆ ಗಂಡನನ್ನೂ ಇಳಿಯಗೊಡುತ್ತಿರಲಿಲ್ಲ. "ಮುರಕ ಸುತ್ತಿಗಿ ತಗೊಂಡ ನಾ ಏನ್ ಮಾಡ್ಲಿ? ಹೊಳ್ಳಿ ಹೋಗ," ಎಂದು ತಿರುಗಿಸಿ ಕಳಿಸುತ್ತಿದ್ದ. ನಮಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಬಾವಿಗೆ ನೀರಿಗೆ ಹೋದಾಗ ಸಹ ನಾವು ಒಬ್ಬರನ್ನೊಬ್ಬರು ಇಂಥವನ ಸುತ್ತಿಗೆ ಎಂದೇ ಗುರುತಿಸುತ್ತಿದ್ದೆವು. ನಾಚಿಕೆಯ ಮಾತು, ಆದರೆ ನಿಜ.

ಸಂಘ ಕಟ್ಟುವ ಮಾತು ತೆಗೆದವನು ಹಣಮಂತಣ್ಣ. ಐವತ್ತು ದಾಟಿದ್ದ. ಹರೆಯದಲ್ಲಿ ದೂರದ ಚಿನ್ನದ ಗಣಿಯೊಂದರಲ್ಲಿ ದುಡಿದು, ಕೆಮ್ಮು ಹತ್ತಿಸಿಕೊಂಡು ಊರಿಗೆ ಬಂದವನು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅವನ ಕಥೆ ಶುರುವಾಗುತ್ತಿತ್ತು. ಆ ಗಣಿಯಲ್ಲಿ ಕೋಲಾರದ ಕಡೆಯ ಮುದುಕರಿದ್ದರಂತೆ. ಬ್ರಿಟಿಷರ ಕಾಲದಲ್ಲಿ ಕೂಲಿಕಾರರ ಕೈಗೆ ಬಿಚ್ಚಲಾಗದ ಪಟ್ಟಿ ತೊಡಿಸಲು ಕಂಪನಿ ಹೊರಟಾಗ ತಮ್ಮ ಹಿರಿಯರು ಸಾವಿರಗಟ್ಟಲೆ ಗಣಿ ಬಿಟ್ಟು ಮೇಲೆ ಬಂದು ಕುಳಿತದ್ದನ್ನು ಅವರು ಹೇಳುತ್ತಿದ್ದರಂತೆ. "ದನಕ್ಕ ಹಾಕಿದಂಗ ನಮಗ ಗುರ್ತ ಹಾಕಬ್ಯಾಡ್ರಿ ಅಂದ್ರು. ಎದ್ರಿಗೆ ಬಂದೂಕ ಇತ್ತು, ಆದ್ರೂ ಅಂದ್ರು," ಎನ್ನುವಾಗ ಹಣಮಂತಣ್ಣನ ಕೆಮ್ಮೂ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅವನ ಹೆಂಡತಿ ಗಂಗಕ್ಕ ಪಕ್ಕದಲ್ಲಿ ಉಳ್ಳಾಗಡ್ಡಿ ಜಜ್ಜುತ್ತ, "ಕಥಿ ಹೇಳೂದ ಸಾಕ್ರಿ. ನಮ್ಮ ಖಣ್ಯಾಗ ಕುಡಿಯಾಕ ನೀರಿಲ್ಲ, ಅದನ್ನರ ಕೇಳ್ರಿ," ಎಂದು ಚುಚ್ಚುತ್ತಿದ್ದಳು. ಬಾಯಿ ಅಂದರೆ ಬಾಯಿ ಗಂಗಕ್ಕನದು! ಮುಕಾದಮನೂ ಅವಳ ಎದುರು ಎರಡು ಸಲ ಯೋಚಿಸಿ ಮಾತಾಡುತ್ತಿದ್ದ.

ಯುಗಾದಿಯಾಗಿ ವಾರಕ್ಕೆ ಸಂಘ ಆಯಿತು. ಕೇಳಿದ್ದು ದೊಡ್ಡದೇನಲ್ಲ. ಮದ್ದು ಹಾರಿಸುವ ಮೊದಲು ಎಲ್ಲರಿಗೂ ಕೇಳುವಂತೆ ಸೈರನ್ನು, ಕುಡಿಯುವ ನೀರು, ನೆರಳಿಗೊಂದು ಶೆಡ್ಡು, ಪೆಟ್ಟು ಬಿದ್ದರೆ ದವಾಖಾನೆಯ ಹೊಣೆ. ಅರ್ಜಿಯ ಜೊತೆ ಸದಸ್ಯರ ಯಾದಿ ಬೇಕಿತ್ತು. ಇಡೀ ಗುಂಡಿಯಲ್ಲಿ ನೆಟ್ಟಗೆ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ಕುಳಿತು, ಬಂದವರನ್ನೆಲ್ಲ, "ಯಾರ ಸುತ್ತಿಗಿ? ಯಾರ ಸುತ್ತಿಗಿ?" ಎಂದು ಕೇಳಿ ಕೇಳಿ ಬರೆದೆ. ಇಪ್ಪತ್ತೆಂಟು ಹೆಸರು. ಅಕ್ಷರ ಎಷ್ಟು ದುಂಡಗಿದ್ದವೆಂದರೆ ನನಗೇ ಹೆಮ್ಮೆಯಾಯಿತು. ಹಣಮಂತಣ್ಣ ಅದರ ಒಂದೊಂದು ಪ್ರತಿಯನ್ನು ಮಾಲೀಕನಿಗೂ ಕಾರ್ಮಿಕರ ವ್ಯವಹಾರ ನೋಡುವ ವಿಜಯಪುರದ ಸಾಹೇಬರಿಗೂ ಮುಟ್ಟಿಸಿ ಬಂದ.

ಮಾಲೀಕ ಯಾವ ಉತ್ತರವನ್ನೂ ಕೊಡಲಿಲ್ಲ. ಬಿಸಿಲು ಏರಿತು. ಬುದ್ಧ ಪೂರ್ಣಿಮೆಯ ಮಾರನೆಯ ದಿನ. ಮನೆಯಲ್ಲಿ ಉಳಿದ ಖೀರನ್ನು ನಾನು ಡಬ್ಬಿಯಲ್ಲಿ ತಂದಿದ್ದೆ, ಗಂಗಕ್ಕನಿಗೆ ಇಷ್ಟ ಅಂತ. ಮುಂಜಾನೆ ಹತ್ತು ಗಂಟೆಯಿರಬೇಕು. ಟ್ರ್ಯಾಕ್ಟರುಗಳು ಸಾಲು ನಿಂತಿದ್ದವು, ಮುಕಾದಮನಿಗೆ ಅವಸರ. ಕೆಂಪು ಬಟ್ಟೆ ಬೀಸಲಿಲ್ಲ, ಹಾರುತ್ತದೆ ಎಂದು ಕೂಗಲೂ ಇಲ್ಲ. ನೆಲ ನಡುಗಿದಾಗಲೇ ನಮಗೆ ಗೊತ್ತಾದದ್ದು. ಬುಟ್ಟಿ ಹೊತ್ತು ನನ್ನ ಮುಂದೆಯೇ ಹೋಗುತ್ತಿದ್ದ ಗಂಗಕ್ಕ ಕುಸಿದಳು. ಮುಖಕ್ಕೆ ಒತ್ತಿಕೊಂಡ ಎರಡೂ ಕೈಗಳ ಸಂದಿಯಿಂದ ರಕ್ತ. ನಾನು ಓಡಿಹೋಗಿ ಹಿಡಿದರೆ, "ಸಾವಿತ್ರಿ, ಕಣ್ಣ ಐತೇನ ನೋಡ ಬೇ, ಐತೇನ?" ಎಂದು ಕೇಳಿದಳು. ಐತಿ ಯಕ್ಕಾ ಎಂದು ಸುಳ್ಳು ಹೇಳಿದೆ.

ವಿಜಯಪುರದ ದವಾಖಾನೆಯಲ್ಲಿ ಎಡಗಣ್ಣು ತೆಗೆದರು.

ನಮ್ಮಲ್ಲೊಂದು ಪದ್ಧತಿಯಿತ್ತು. ಅಮಾವಾಸ್ಯೆಯ ದಿನ ಸುತ್ತಿಗೆಗಳನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಮಲಗಿಸುತ್ತಿದ್ದೆವು. ಆವತ್ತು ಯಾರೂ ಅವನ್ನು ಮುಟ್ಟುವಂತಿಲ್ಲ. ಮಾಲೀಕ ತಲೆಕೆಳಗಾಗಿ ನಿಂತರೂ ಕೆಲಸವಿಲ್ಲ. ದವಾಖಾನೆಯಿಂದ ಬಂದ ಹಣಮಂತಣ್ಣ ಗುಂಡಿಗಿಳಿದು ತನ್ನ ಸುತ್ತಿಗೆಯನ್ನು ತೊಳೆದು ಮಲಗಿಸಿದ. "ಇವತ್ತಿನಿಂದ ದಿನಾ ಅಮಾಸಿ," ಎಂದ. ಇಪ್ಪತ್ತೆಂಟೂ ಸುತ್ತಿಗೆಗಳು ಸಾಲಾಗಿ ಮಲಗಿದವು. ಮುಕಾದಮ ಬೈದ, ಹೆದರಿಸಿದ; ಕೊನೆಗೆ ಬೀಡಿ ಹಚ್ಚಿಕೊಂಡು ಸುಮ್ಮನೆ ಕುಳಿತ.

ಹತ್ತು ದಿನಕ್ಕೆ ವಿಜಯಪುರದಿಂದ ಕರೆ ಬಂತು. ಅದೇ ಸಾಹೇಬರ ಮುಂದೆ ಎರಡೂ ಕಡೆಯವರು. ನಾವು ಹಣಮಂತಣ್ಣ, ಪರಸಪ್ಪ, ನಾನು, ಮತ್ತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಗಂಗಕ್ಕ. ಆ ಕಡೆ ಮಾಲೀಕನ ವಕೀಲ, ಮುಕಾದಮ. ಗೆದ್ದೇ ಬರುತ್ತೇವೆ ಎಂದುಕೊಂಡು ಹೋಗಿದ್ದೆವು. ಅಷ್ಟು ದೊಡ್ಡ ಗಾಯ ಕಣ್ಣೆದುರು ಕುಳಿತಿರುವಾಗ ಸೋಲುವುದು ಹೇಗೆ?

"ಗಾಯ ಆಗಿದೆ, ಪಾಪ, ನಮಗೂ ದುಃಖವಿದೆ," ಎಂದ ವಕೀಲ. "ಆದರೆ ಈಕೆ ಕೂಲಿಕಾರಳಲ್ಲ. ಗಂಡನಿಗೆ ಬುತ್ತಿ ತಂದಿದ್ದಳು."

"ಸುಳ್ಳ್ರಿ ಸಾಹೇಬ್ರ!" ಎಂದು ಹಣಮಂತಣ್ಣ ಎದ್ದು ನಿಂತ. "ಹನ್ನೊಂದ ವರ್ಷದಿಂದ ಇದ ಖಣ್ಯಾಗ ದುಡ್ಯಾಕತ್ತಾಳ ಆಕಿ."

ವಕೀಲ ಜಗಳವಾಡಲಿಲ್ಲ. ಮೊದಲು ಹಾಜರಿ ಪುಸ್ತಕ ಇಟ್ಟ. ಆಮೇಲೆ ಒಂದು ಹಾಳೆ ಇಟ್ಟ. ದುಂಡಗಿನ ಅಕ್ಷರ. "ನಮ್ಮ ಪುಸ್ತಕ ಸುಳ್ಳು ಅಂತಲೇ ಇಟ್ಟುಕೊಳ್ಳಿ ಸಾರ್. ಇದು ಅವರ ಸಂಘದ್ದೇ ಯಾದಿ. ಇದರಲ್ಲಿ ಗಂಗವ್ವನ ಹೆಸರು ಎಲ್ಲಿದೆ, ಅವರೇ ತೋರಿಸಲಿ."

ಸಾಹೇಬರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಇಪ್ಪತ್ತೆಂಟೂ ಗಂಡಸರು. ಗಂಗಕ್ಕ ಇರಲಿಲ್ಲ. ನಾನೂ ಇರಲಿಲ್ಲ. ಬರೆದ ಕೈಯೇ ತನ್ನ ಹೆಸರು ಬಿಟ್ಟು ಬರೆದಿತ್ತು, ಮತ್ತು ಆ ಕ್ಷಣದವರೆಗೂ ಅದು ನನಗೆ ಹೊಳೆದಿರಲಿಲ್ಲ! ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ನೀವೇ ಎಣಿಸದೆ ಇದ್ದರೆ ನಾನು ಹೇಗಮ್ಮ ಎಣಿಸಲಿ?" ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ; ದನಿಯಲ್ಲಿ ಬೇಸರವಿತ್ತು. ಎಂಟನೆಯ ದಿನ ತಾವೇ ಗಣಿಗೆ ಬಂದು ನೋಡುವುದಾಗಿಯೂ ನೋಡಿದ ಮೇಲೆ ನಿರ್ಧಾರ ಹೇಳುವುದಾಗಿಯೂ ಬರೆದುಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ಗಂಗಕ್ಕನ ಕಾಲು ಹಿಡಿದೆ. "ತಪ್ಪ ನಂದ ಯಕ್ಕಾ. ಬರದಾಕಿ ನಾನ."

"ಕಾಲ ಬಿಡ. ಮಂದಿ ನೋಡಾಕತ್ತಾರ," ಎಂದಳು. ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿ, "ನೀ ಬರ್ಯೂವಾಗ ನಾನೂ ಅಲ್ಲೇ ಕುಂತಿದ್ದೆ. ನನ್ನ ಹೆಸರ ಬರಿ ಅಂತ ನನಗರ ಎಲ್ಲಿ ಹೊಳೀತು? ಅಳಬ್ಯಾಡ. ಹೊಳ್ಳಿ ಬರಿ," ಎಂದಳು.

ಮಾರನೆಯ ದಿನ ಮುಕಾದಮ ಸಿಹಿ ಮಾತು ಹೊತ್ತು ಬಂದ. ಮಾಲೀಕ ಸೈರನ್ನು ಹಾಕಿಸುತ್ತಾನಂತೆ. ನೀರು, ಶೆಡ್ಡು ಎರಡೂ ಆಗುತ್ತವಂತೆ. ಒಂದೇ ಒಂದು ಮಾತು: ಸಾಹೇಬರು ಬರುವ ದಿನ ಗಂಡಸರು ಮಾತ್ರ ಗುಂಡಿಗಿಳಿಯಬೇಕು, ಹೆಂಗಸರು ಕಾಣಿಸಿಕೊಳ್ಳಬಾರದು. "ಯಾದ್ಯಾಗ ಇದ್ದಷ್ಟ ಮಂದಿ ಖಣ್ಯಾಗ ಕಂಡ್ರ ಸಾಹೇಬ್ರು ಹೊಳ್ಳಿ ಹೋಗ್ತಾರ. ಮರುದಿನದಿಂದ ಮೊದಲಿನಂಗ ಜೋಡಿಲೆ ಬರ್ರಿ," ಎಂದ.

ಬೇವಿನ ಗಿಡದ ಕೆಳಗೆ ಸಭೆ ಕೂಡಿತು. ಒಪ್ಪಿಬಿಡೋಣ ಎಂದವರೇ ಬಹಳ. ಅದರಲ್ಲಿ ನನ್ನ ಗಂಡನೂ ಒಬ್ಬ. "ಹೆಸರ ಬ್ಯಾರೆ ಬ್ಯಾರೆ ಬರಸಿದ್ರ ಮಾಲೀಕ ಅರ್ಧಾ ಮಂದಿ ಸಾಕಂತಾನ. ಆಗ ನಿನ್ನ ಹೆಸರ ತಗೊಂಡ ಏನ ಮಾಡ್ತಿ?" ಎಂದು ಎಲ್ಲರ ಮುಂದೆ ನನ್ನನ್ನು ಕೇಳಿದ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದು ನನಗೂ ಗೊತ್ತಿತ್ತು. ಆದರೂ ಮೈ ಉರಿಯಿತು. "ನಾಳೆ ನನ್ನ ಕಣ್ಣ ಹೋದ್ರ ನಾನೂ ಬುತ್ತಿ ತಂದಾಕಿ ಅಂತೀ ಏನ?" ಎಂದೆ. ಅವನು ಮುಖ ತಿರುಗಿಸಿದ.

ಎಲ್ಲರೂ ಹಣಮಂತಣ್ಣನ ಕಡೆ ನೋಡಿದರು. ಅವನು ಬಹಳ ಹೊತ್ತು ಕೆಮ್ಮಿದ. "ನನ್ನ ಹೇಂತಿ ಸಲುವಾಗಿ ಇಪ್ಪತ್ತೇಳ ಮನಿ ಒಲಿ ಆರಿಸ್ಲೇನ? ನನ್ನ ಕಡಿಂದ ಆಗಂಗಿಲ್ಲ. ಒಪ್ಪೂಣು," ಎಂದ. ಕಣ್ಣಲ್ಲಿ ನೀರಿತ್ತು.

ಗಂಗಕ್ಕ ಕುಳಿತಲ್ಲಿಂದಲೇ ಹೇಳಿದಳು: "ನಿಮ್ಮ ಹೇಂತಿ ಸಲುವಾಗಿ ಯಾರೂ ಏನೂ ಮಾಡಬ್ಯಾಡ್ರಿ. ಒಬ್ಬ ಕೂಲಿಕಾರಳ ಕಣ್ಣ ಹೋಗೈತಿ. ಆಕಿ ಸಲುವಾಗಿ ನಿಲ್ತೀರೇನ, ಹೇಳ್ರಿ."

ಕೈ ಎತ್ತಲು ಹೇಳಿದಾಗ ಗಂಡಸರೇ ಎತ್ತಿದರು, ಸುತ್ತಿಗೆಗೊಂದು ಕೈ. ಮುಕಾದಮನ ಮಾತು ಗೆದ್ದಿತು. ನನಗೆ ಅಲ್ಲಿಯೇ ಕೂಗಾಡಬೇಕು ಅನ್ನಿಸಿತು. ಗಂಗಕ್ಕ ನನ್ನ ಮೊಣಕೈ ಒತ್ತಿ ಹಿಡಿದು, "ಆತ್ರಿ, ಆ ದಿನ ನಾವ್ಯಾರೂ ಖಣಿಗೆ ಇಳ್ಯಂಗಿಲ್ಲ. ಅವರ ಹೇಳಿದಂಗ ಆಗ್ಲಿ," ಎಂದು ಎದ್ದಳು. ದಾರಿಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, "ಬುಟ್ಟಿ ಯಾರ ಹೊರ್ತಾರ ನೋಡೂಣು," ಎಂದು ನಕ್ಕಳು. ಕಣ್ಣು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎಂಟನೆಯ ದಿನ ಬಂತು. ಗಂಡಸರು ಸುತ್ತಿಗೆ ಎತ್ತಿಕೊಂಡು ಗುಂಡಿಗಿಳಿದರು. ನಾವು ಇಪ್ಪತ್ತೆಂಟು ಹೆಂಗಸರು ಹೊತ್ತಿಗೆ ಸರಿಯಾಗಿ ಬುತ್ತಿ ಒಯ್ದು ದಂಡೆಯ ಮೇಲಿಟ್ಟು, ರಸ್ತೆಯಾಚೆಯ ಬೇವಿನ ಗಿಡದ ಕೆಳಗೆ ಸಾಲಾಗಿ ಕುಳಿತೆವು. ಸುಮ್ಮನೆ ಕೂರಲಿಲ್ಲ. ನಾನು ಹೊಸ ಹಾಳೆ ತೆಗೆದೆ. ಈ ಸಲ ಯಾರ ಸುತ್ತಿಗೆ ಎಂದು ಕೇಳಲಿಲ್ಲ, ನಿನ್ನ ಹೆಸರೇನು ಎಂದು ಕೇಳಿದೆ. ಮೂರು ವರ್ಷ ನನ್ನ ಪಕ್ಕದಲ್ಲೇ ಕಲ್ಲೊಡೆದ ಹೆಂಗಸಿನ ಹೆಸರು ಚಂದ್ರಭಾಗಾ ಎಂದು ನನಗೆ ಆವತ್ತು ಗೊತ್ತಾಯಿತು. ಇನ್ನೊಬ್ಬಳು ತನ್ನ ಹೆಸರು ಹೇಳಿ, ತಾನೇ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ಗಂಗವ್ವ ಎಂದು ಮೊದಲು ಬರೆದೆ, ಕೊನೆಗೆ ನನ್ನ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು. ಆಗಲಿ, ಯಾರಿಗೇನು!

ಸಾಹೇಬರು ಬೆಳಿಗ್ಗೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ. ಗುಂಡಿಯಲ್ಲಿ ಬಂಡೆಗಳು ಸೀಳಿ ಬಿದ್ದವು, ಬಿದ್ದಲ್ಲೇ ಉಳಿದವು. ಗಂಡಸರು ಬುಟ್ಟಿ ಹೊರಲು ನೋಡಿದರು. ಹೊತ್ತು ಬರುವಷ್ಟರಲ್ಲಿ ಒಡೆಯುವವರಿಲ್ಲ, ಒಡೆಯುತ್ತ ಕುಳಿತರೆ ಹೊರುವವರಿಲ್ಲ. ಸಿಂಬೆ ಸುತ್ತಲು ಬಾರದೆ ನನ್ನ ಗಂಡ ತಲೆಯ ಮೇಲಿಂದ ಬುಟ್ಟಿ ಕೆಡವಿದ್ದನ್ನು ನಾವೆಲ್ಲ ನೋಡಿದೆವು. ಪಾಪ ಅನ್ನಿಸಿದರೂ ನಗು ತಡೆಯಲಾಗಲಿಲ್ಲ. ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ನಿಂತು ಹಾರ್ನು ಬಾರಿಸತೊಡಗಿದವು. ಮುಕಾದಮನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆ ಕಡೆಯಿಂದ ಮಾಲೀಕ ಬೈಯುತ್ತಿದ್ದನೇನೋ, ಇವನು ಬರೀ, "ಹೌದ್ರಿ, ಹೌದ್ರಿ," ಎನ್ನುತ್ತಿದ್ದ.

ಮೂರು ಗಂಟೆಯಾಯಿತು. ಸಾಹೇಬರು ಇನ್ನು ಬರುವುದಿಲ್ಲ ಎಂದು ಅವನು ಲೆಕ್ಕ ಹಾಕಿರಬೇಕು. ಬೆವರು ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ. "ಏಳ್ರಿ, ಏಳ್ರಿ. ನಾಕ ಬುಟ್ಟಿ ಹೊರ್ರಿ. ಏ ಹಣಮಂತನ ಹೇಂತಿ, ನೀನರ ಹೇಳ ಇವರಿಗೆ."

"ನಾವ ಬುತ್ತಿ ತರಾವ್ರು," ಎಂದಳು ಗಂಗಕ್ಕ. "ಬುತ್ತಿ ಮುಟ್ಟೈತಿ. ಇನ್ನೇನ ಬೇಕ್ರಿ?"

"ಏ ಪರಸ್ಯಾನ ಸುತ್ತಿಗಿ, ನೀ ಏಳ," ಎಂದು ನನ್ನ ಕಡೆ ತಿರುಗಿದ.

"ಹೆಸರ ಹಿಡದ ಕರೀರಿ, ಏಳ್ತೇನಿ," ಎಂದೆ.

ನಾಲ್ಕು ವರ್ಷ ದುಡಿಸಿಕೊಂಡವನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾವು ಹೆಂಗಸರೆಲ್ಲ ಅವನ ಹಿಂದೆ ನೋಡುತ್ತಿದ್ದೆವು, ಅವನು ಮಾತ್ರ ನಮ್ಮನ್ನು ನೋಡುತ್ತಿದ್ದ. ಹಿಂದೆ ಜೀಪು ಬಂದು ನಿಂತಿತ್ತು. ಸಾಹೇಬರು ಇಳಿದು, ಅವನ ಬೆನ್ನ ಹಿಂದೆ ನಿಂತು, "ಯಾಕಪ್ಪ, ಇವರು ಏಳದಿದ್ದರೆ ಕೆಲಸ ನಡೆಯೋದಿಲ್ಲವಾ?" ಎಂದು ಕೇಳಿದರು.

ಸಿಟ್ಟಿನ ಭರದಲ್ಲಿ ಅವನು ತಿರುಗಿದ, ತಿರುಗುತ್ತಲೇ ಒದರಿದ: "ಹೆಂಗ ನಡೀತೈತ್ರಿ? ಹೆಣಮಕ್ಕಳಿಲ್ದ ಸುತ್ತಿಗಿ ಹೆಂಗ ಆಕ್ಕೈತಿ? ಅರ್ಧಾ ಸುತ್ತಿಗಿ ತಗೊಂಡ ಯಾವ ಟ್ರ್ಯಾಕ್ಟರ್ ತುಂಬ್ಲಿ ನಾನು?"

ಯಾರಿಗೆ ಹೇಳಿದೆ ಎಂದು ಅವನಿಗೆ ತಿಳಿದದ್ದು ಆಮೇಲೆ. ಅವನ ಮುಖ ಆಗ ನೋಡಬೇಕಿತ್ತು! ಸಾಹೇಬರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಈಗ ಅಂದದ್ದನ್ನ ಇನ್ನೊಂದು ಸಲ ನಿಧಾನ ಹೇಳಪ್ಪ, ಬರಕೋತೀನಿ," ಎಂದರು. ನಾನು ಎದ್ದು ಹೋಗಿ ಹಾಳೆ ಕೊಟ್ಟೆ. ಗುಂಡಿಯ ದಂಡೆಗೆ ಗಂಡಸರೆಲ್ಲ ಬಂದು ನಿಂತಿದ್ದರು. ಹಣಮಂತಣ್ಣ ಅಲ್ಲಿಂದಲೇ, "ಸಾಹೇಬ್ರ, ಆ ಹಾಳಿ ನಮ್ಮ ಸಂಘದ್ದರಿ. ಮೊದಲಿಂದು ತಪ್ಪ ಆಗಿತ್ತು," ಎಂದು ಕೂಗಿದ. ನನ್ನ ಗಂಡ ಬುಟ್ಟಿ ಅಲ್ಲಿಯೇ ಇಟ್ಟು, ರಸ್ತೆ ದಾಟಿ ಬಂದು ನಮ್ಮ ಸಾಲಿನ ತುದಿಗೆ ಕುಳಿತ.

ಸಾಹೇಬರ ನಿರ್ಧಾರ ಬಂದಾಗ ಮುಂಗಾರಿನ ಮೋಡ ಕಟ್ಟಿತ್ತು. ಹಾಜರಿ ಪುಸ್ತಕ ಹೊಸದಾಗಬೇಕು, ದುಡಿಯುವ ಪ್ರತಿಯೊಬ್ಬರ ಹೆಸರೂ ಬೇರೆ ಬೇರೆ ಇರಬೇಕು, ಗಂಗವ್ವನ ಚಿಕಿತ್ಸೆಯ ಹೊಣೆ ಮಾಲೀಕನದು, ಹಗುರ ಕೆಲಸ ಕೊಟ್ಟು ಅವಳನ್ನು ಉಳಿಸಿಕೊಳ್ಳಬೇಕು. ಸೈರನ್ನೂ ಬಂತು. ಕೆಲಸ ಮತ್ತೆ ಶುರುವಾಗುವ ಮುಂಜಾನೆ ಐವತ್ತಾರು ಮಂದಿ ದಂಡೆಯ ಮೇಲೆ ನಿಂತೆವು. ಮುಕಾದಮ ಹೊಸ ಪುಸ್ತಕ ಬಿಚ್ಚಿ ಕೂಗತೊಡಗಿದ. ಗಂಡಸರ ಹೆಸರುಗಳನ್ನು ಗಡಗಡ ಓದಿದ. ಹೆಂಗಸರ ಹೆಸರುಗಳಿಗೆ ಬಂದಾಗ ನಾಲಗೆ ತೊಡರಿತು, ಆದರೂ ಓದಿದ; ಇದ್ದೇನೆ ಎಂದು ಒಬ್ಬೊಬ್ಬಳೂ ಓಗೊಟ್ಟಳು. ಚಂದ್ರಭಾಗಾ. ಅದೇನಿ. ಸಾವಿತ್ರಿ. ಅದೇನಿ. ಪುಸ್ತಕ ಮುಚ್ಚಿ, "ಇಳೀರಿ ಇನ್ನ," ಎಂದ.

ಯಾರೂ ಇಳಿಯಲಿಲ್ಲ.

"ಒಂದ ಹೆಸರ ಉಳೀತ್ರಿ," ಎಂದ ನನ್ನ ಗಂಡ.

"ಆಕಿಗಿನ್ನೂ ಪಟ್ಟಿ ಬಿಚ್ಚಿಲ್ಲ. ಇವತ್ತೇನ ಕೆಲಸಾ ಮಾಡ್ತಾಳ ಆಕಿ?" ಎಂದ ಮುಕಾದಮ.

"ಓದ್ರಿ," ಎಂದೆವು. ಒಬ್ಬರಲ್ಲ, ಐವತ್ತೈದು ಮಂದಿ.

ಟ್ರ್ಯಾಕ್ಟರುಗಳು ಕಾಯುತ್ತಿದ್ದವು. ಅವನು ನಮ್ಮನ್ನು ನೋಡಿದ, ಪುಸ್ತಕ ಮತ್ತೆ ಬಿಚ್ಚಿದ. ಹೆಂಗಸರ ಹಾಳೆಯ ಮೇಲ್ತುದಿಯಲ್ಲಿ ತಾನು ಬಿಟ್ಟು ಓದಿದ್ದ ಮೊದಲ ಹೆಸರಿಗೆ ಬೆರಳಿಟ್ಟು, ನೆಲ ನೋಡುತ್ತ, "ಗಂಗವ್ವ," ಎಂದ.

"ಜೋರಾಗಿ ಕರೀರಿ," ಎಂದಳು ಗಂಗಕ್ಕ ನಮ್ಮ ನಡುವಿನಿಂದ. "ಕಣ್ಣ ಹೋಗೈತಿ, ಕಿವಿ ಚಲೋ ಅದಾವ. ಆದ್ರೂ ಜೋರಾಗಿ ಕರೀರಿ."

ಅವನು ಜೋರಾಗಿ ಕರೆದ.